ಅಡುಗೆಮನೆ ಪಕ್ಕದ ಮೆಣಸಿನ ಬಳ್ಳಿ

ಕೇಳುಗರಿಗೆ ನಮಸ್ಕಾರ.

ಕಳೆದ ಮಾರ್ಚ್‌ನಲ್ಲಿ ನಮ್ಮ ತೋಟದಲ್ಲಿ ಕರಿಮೆಣಸಿನ ಕೊಯ್ಲು ನಡೆದಿತ್ತು. ಕಾಫಿ ಗಿಡ ಹೂ ಬಿಡಿಸುವ ಬೇಸಿಗೆ ಮಳೆ, ಹೂಮಳೆ, ಬಿದ್ದು, ಗಾಳಿಯಲ್ಲಿ ಇನ್ನೂ ಕಾಫಿ ಹೂವಿನ ಘಮ. ಅಡುಗೆಮನೆ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟವರು ಹತ್ತಿದ ಹಾಗೇ ಇಳಿದು ಬಂದರು. "ಅಕ್ಕಾ, ಬಳ್ಳಿಯಲ್ಲಿ ಹಕ್ಕಿ ಗೂಡು ಉಂಟು" ಅಂದರು.

ಹೋಗಿ ನೋಡಿದೆ. ಅಂಗೈಯಲ್ಲಿ ಹಿಡಿಸುವಂಥ ಬಟ್ಟಲು. ಒಣ ಹುಲ್ಲು, ತೆಳು ಬೇರು, ಒಣಗಿದ ಎಲೆ. ಒಳಗೆ ಮೂರು ಮೊಟ್ಟೆ, ಮಾಸಲು ಗುಲಾಬಿ ಬಣ್ಣ, ಮೇಲೆಲ್ಲ ಕಂದುಗೆಂಪು ಚುಕ್ಕೆ. ಪಿಕಳಾರದ ಗೂಡು. ನೀವೆಲ್ಲ ನೋಡಿರುತ್ತೀರಿ, ತಲೆಯಲ್ಲಿ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕುಂಕುಮ ಇಟ್ಟ ಹಾಗೆ ಕೆಂಪು.

ಆ ಬಳ್ಳಿಯನ್ನು ಬಿಟ್ಟು ಮುಂದೆ ಹೋಗಿ ಅಂದೆ. ಮೊಟ್ಟೆ ಒಡೆಯಲು ಸುಮಾರು 12 ದಿನ, ಮರಿ ಗೂಡು ಬಿಡಲು ಹೆಚ್ಚುಕಡಿಮೆ ಮತ್ತೆ ಅಷ್ಟೇ. ಒಂದು ಬಳ್ಳಿಯ ಮೆಣಸು ಸ್ವಲ್ಪ ಉದುರಿದರೆ ಉದುರಲಿ.

ಮರಿಗಳು ಹುಟ್ಟಿದಾಗ ಮೈಮೇಲೆ ಪುಕ್ಕವೇ ಇಲ್ಲ. ಅಡುಗೆಮನೆ ಕಿಟಕಿಯಿಂದಲೇ ನೋಡುತ್ತಿದ್ದೆ. ದೊಡ್ಡ ಹಕ್ಕಿಗಳಿಗೆ ಹಣ್ಣು ಇಷ್ಟ. ಆದರೆ ಎಳೆ ಮರಿಗಳಿಗೆ ತರುತ್ತಿದ್ದದ್ದು ಹುಳ, ಕಂಬಳಿಹುಳ. ಗಂಡು ಹೆಣ್ಣು ಎರಡೂ ತರುತ್ತವೆ. ತಿನ್ನಿಸಿದ ಮೇಲೆ ತಾಯಿ ಸುಮ್ನೆ ಹಾರುವುದಿಲ್ಲ, ಒಂದು ಕ್ಷಣ ಕಾಯುತ್ತದೆ. ಮರಿ ಹಿಂಭಾಗ ಎತ್ತಿ ಬಿಳಿ ಗುಳಿಗೆಯಂಥದ್ದನ್ನು ಹಾಕುತ್ತದೆ. ಅದು ಮರಿಯ ಹಿಕ್ಕೆ, ತೆಳು ಪೊರೆಯ ಚೀಲದಲ್ಲಿ ಸುತ್ತಿಕೊಂಡೇ ಬರುತ್ತದೆ. ತಾಯಿ ಅದನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಒಯ್ಯುತ್ತದೆ, ಕೆಲವು ಸಲ ನುಂಗಿಬಿಡುತ್ತದೆ. ಗೂಡು ಅಷ್ಟು ಚೊಕ್ಕಟ! ಇಬ್ಬರು ಮಕ್ಕಳನ್ನು ಸಾಕಿದ ನನಗೆ ಅದನ್ನು ನೋಡುವಾಗ ಗಂಟಲು ಕಟ್ಟಿತು.

ಒಂದು ಸಂಜೆ ಜೋರು ಗಾಳಿ ಮಳೆ. ಪುಕ್ಕ ಇನ್ನೂ ಬಲಿಯದ ಒಂದು ಮರಿ ಕೆಳಗೆ ಬಿತ್ತು. ಎತ್ತಲು ಹೋದರೆ ಅತ್ತೆ ತಡೆದರು. "ಮುಟ್ಟಬೇಡ ಮಗಳೇ, ಮನುಷ್ಯರ ವಾಸನೆ ಹತ್ತಿದರೆ ತಾಯಿ ಬಿಟ್ಟು ಹೋಗುತ್ತೆ" ಅಂದರು. ನಮ್ಮಲ್ಲಿ ಜಾಸ್ತಿ ಜನ ಹೀಗೇ ನಂಬಿದ್ದಾರೆ, ಅಲ್ವಾ? ಅದು ನಿಜವಲ್ಲ. ಹಕ್ಕಿಗಳು ವಾಸನೆಗೆ ಮರಿಯನ್ನು ಬಿಡುವುದಿಲ್ಲ. ಮೆಲ್ಲಗೆ ಎತ್ತಿ ಗೂಡಿಗೆ ಇಟ್ಟೆ. ಸ್ವಲ್ಪ ಹೊತ್ತಿಗೇ ತಾಯಿ ಹುಳ ಹಿಡಿದು ಬಂತು. ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ.

ಹಕ್ಕಿಗೆ ಹೆದರಿಕೆಯಾಗುವುದು ನಾವು ದಿನಕ್ಕೆ ಹತ್ತು ಸಲ ಇಣುಕಿದಾಗ, ಫೋಟೋಗೆ ಅಂತ ಸುತ್ತಲ ಎಲೆ ಸವರಿದಾಗ. ಮರೆ ಹೋದರೆ ಕೆಂಬೂತಕ್ಕೂ ಕೇರೆಹಾವಿಗೂ ಗೂಡು ಕಾಣುತ್ತದೆ. ಇನ್ನೊಂದು ಮಾತು. ಪುಕ್ಕ ಬಲಿತ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಮನೆಗೆ ತರಬೇಡಿ. ಅದು ಹಾರಲು ಕಲಿಯುತ್ತಿದೆ, ತಂದೆತಾಯಿ ಅಲ್ಲೇ ಹತ್ತಿರದಲ್ಲಿರುತ್ತವೆ. ಬೆಕ್ಕನ್ನು ಒಳಗೆ ಕಟ್ಟಿಹಾಕಿ, ಸಾಕು.

ಮೂರೂ ಮರಿ ಹಾರಿದವು. ಆ ಬಳ್ಳಿಯ ಮೆಣಸನ್ನು ಕೊನೆಗೆ ಕೊಯ್ದೆವು, ಅರ್ಧದಷ್ಟು ನೆಲದಿಂದಲೇ ಆರಿಸಿದ್ದು. ಮೊನ್ನೆ ಬೆಳಿಗ್ಗೆ ಒಂದು ಪಿಕಳಾರ ಕೊಕ್ಕಿನಲ್ಲಿ ತೆಂಗಿನ ನಾರು ಹಿಡಿದು ಅದೇ ಮರದ ಸುತ್ತ ಹಾರಾಡುತ್ತಿತ್ತು. ಕೊಯ್ಲಿನವರಿಗೆ ಅತ್ತೆಯೇ ಹೇಳಿ ಕಳಿಸಿದ್ದಾರೆ, ಅಡುಗೆಮನೆ ಪಕ್ಕದ ಬಳ್ಳಿ ಈ ಸಲವೂ ಕೊನೆಗೆ ಅಂತ.