ಸುತ್ತಿಗೆ ಬೀಳುವ ಮುಂಚಿನ ಮೂರು ನಿಮಿಷ

ಕೇಳುಗರಿಗೆಲ್ಲ ನಮಸ್ಕಾರ.

ಹಳೆ ಕಾರುಗಳ ಹರಾಜನ್ನು ಟೀವಿಯಲ್ಲಿ ನೋಡುವುದು ನನಗೊಂದು ಹುಚ್ಚು. ಯಾರಿಗಾದರೂ ಹೇಳಿದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಓ, ನೀವೂ ಕಾರು ಕೊಳ್ತೀರಾ?" ಇಲ್ಲ ಅನ್ನುತ್ತೇನೆ. "ಹಾಗಾದ್ರೆ ಇನ್ಯಾರೋ ಕೊಳ್ಳೋದನ್ನ ಗಂಟೆಗಟ್ಟಲೆ ಕೂತ್ಕೊಂಡು ನೋಡ್ತೀರಾ?" ಹೌದು, ನೋಡುತ್ತೇನೆ. ಜೇಬಿಗೆ ಕೈ ಹಾಕದೆ ಬೆಲೆ ಕಟ್ಟುವ ಖುಷಿ ಇದೆಯಲ್ಲ, ಅದು ಅಲ್ಲಿ ಸಭಾಂಗಣದಲ್ಲಿ ಮುಂದಿನ ಸಾಲಲ್ಲಿ ಕೂತವರಿಗೂ ಸಿಗುವುದಿಲ್ಲ.

ಈ ಆಟದ ದೊಡ್ಡ ಅಂಗಳ ಅಮೆರಿಕ. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜಾಕ್ಸನ್ ಕಂಪನಿ 1971ರಿಂದ ಹರಾಜು ನಡೆಸಿಕೊಂಡು ಬಂದಿದೆ. 1988ರಲ್ಲಿ ಶುರುವಾದ ಮೀಕಮ್ ಕಂಪನಿ ಫ್ಲಾರಿಡಾದ ಕಿಸಿಮಿಯಲ್ಲಿ ತನ್ನ ದೊಡ್ಡ ಹರಾಜು ಇಟ್ಟುಕೊಳ್ಳುತ್ತದೆ. ಎರಡೂ ಜನವರಿಯಲ್ಲೇ. ಕಿಸಿಮಿಗೆ ಬರುವ ವಾಹನಗಳು ಒಂದೆರಡು ನೂರಲ್ಲ, ಈಚಿನ ವರ್ಷಗಳಲ್ಲಿ ನಾಲ್ಕು ಸಾವಿರ ದಾಟಿವೆ. ಆಗಸ್ಟ್ ಬಂದರೆ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಇನ್ನೊಂದು ಸುತ್ತು. ಅಲ್ಲಿ ಫೆರಾರಿಗಳು ಜಾಸ್ತಿ, ಗದ್ದಲ ಕಮ್ಮಿ.

ರೇಡಿಯೋದಲ್ಲಿ ಮಾತಾಡುತ್ತಿದ್ದೇನಲ್ಲ, ಮೊದಲು ಕಿವಿಯ ವಿಷಯ ಹೇಳಿಬಿಡುತ್ತೇನೆ. ಹರಾಜುಗಾರನ ಕೂಗು ಮೊದಲ ಸಲ ಕೇಳಿದವರಿಗೆ ಏನೂ ಅರ್ಥವಾಗುವುದಿಲ್ಲ. ಮನುಷ್ಯ ಉಸಿರೇ ತೆಗೆದುಕೊಳ್ಳದೆ ಏನೋ ಬಡಬಡಿಸುತ್ತಿದ್ದಾನೆ ಅನ್ನಿಸುತ್ತದೆ. ಒಳಗೆ ಇರುವುದು ಎರಡೇ ಅಂಕಿ. ಒಂದು, ಈಗ ಕೈಯಲ್ಲಿರುವ ಸವಾಲು, ಅಂದರೆ ಯಾರೋ ಕೊಡುತ್ತೇನೆ ಅಂದಿರುವ ಬೆಲೆ. ಇನ್ನೊಂದು, ಅವನಿಗೆ ಬೇಕಾದ ಮುಂದಿನ ಸವಾಲು. ಉಳಿದದ್ದೆಲ್ಲ ತಾಳ ತಪ್ಪದಿರಲಿ ಅಂತ ತುರುಕಿದ ಮಾತು. ಇಷ್ಟು ಗೊತ್ತಾದರೆ ಸಾಕು, ಆಮೇಲೆ ಕೂಗು ತಾನೇ ಬಿಡಿಸಿಕೊಳ್ಳುತ್ತದೆ.

ಇನ್ನೂ ಸ್ವಲ್ಪ ಕಿವಿಗೊಟ್ಟರೆ ದುಡ್ಡು ಎಲ್ಲಿ ಮುಗಿಯುತ್ತಿದೆ ಅನ್ನುವುದೂ ಕೇಳಿಸುತ್ತದೆ. ಬೆಲೆ ಮೊದಲು ಐದೈದು ಸಾವಿರ ಡಾಲರ್ ಹಾರುತ್ತಿರುತ್ತದೆ. ಆಮೇಲೆ ಎರಡೂವರೆ ಸಾವಿರ. ಆಮೇಲೆ ಒಂದು ಸಾವಿರ. ಐನೂರಕ್ಕೆ ಇಳಿಯಿತು ಅಂದರೆ ಕಥೆ ಮುಗಿಯುತ್ತಾ ಬಂತು ಅಂತ ತಿಳಿಯಿರಿ. ಅಷ್ಟು ಹೊತ್ತಿಗೆ ಜನರ ನಡುವೆ ಓಡಾಡುವ ಸಹಾಯಕರು ಒಬ್ಬ ಗಿರಾಕಿಯ ಮುಂದೆ ಮಂಡಿಯೂರಿ ಕೂತಿರುತ್ತಾರೆ. ಸವಾಲು ಹಿಡಿದು ಕೊಡುವುದೇ ಇವರ ಕೆಲಸ. ಗಿರಾಕಿ ತಲೆ ಅಲ್ಲಾಡಿಸಿ ಬೇಡ ಅನ್ನುತ್ತಾನೆ. ಸಹಾಯಕ ಅವನ ಹೆಂಡತಿಯ ಮುಖ ನೋಡುತ್ತಾನೆ. ಅವಳು ನಕ್ಕರೆ ಇನ್ನೊಂದು ಸಾವಿರ ಗ್ಯಾರಂಟಿ! ಕ್ಯಾಮೆರಾದವರಿಗೂ ಇದು ಚೆನ್ನಾಗಿ ಗೊತ್ತು. ಆ ಹೊತ್ತಿಗೆ ಅವರು ಕಾರು ತೋರಿಸುವುದನ್ನೇ ಬಿಟ್ಟಿರುತ್ತಾರೆ.

ಕನಿಷ್ಠ ಬೆಲೆಯ ವಿಷಯವನ್ನೂ ಹೇಳಬೇಕು. ಮಾರುವವನು "ಇಷ್ಟಕ್ಕಿಂತ ಕಮ್ಮಿಗೆ ಕೊಡಲ್ಲ" ಅಂತ ಮೊದಲೇ ಗುಟ್ಟಾಗಿ ಒಂದು ಬೆಲೆ ಹೇಳಿರಬಹುದು. ಅದಕ್ಕೆ ರಿಸರ್ವ್ ಅನ್ನುತ್ತಾರೆ. ಬ್ಯಾರೆಟ್-ಜಾಕ್ಸನ್‌ನಲ್ಲಿ ಹೆಚ್ಚಿನ ಕಾರುಗಳಿಗೆ ರಿಸರ್ವ್ ಇಲ್ಲ. ಕೊನೆಯ ಕೂಗು ಎಷ್ಟಕ್ಕೆ ನಿಂತಿತೋ ಅಷ್ಟಕ್ಕೇ ಕೊಡಬೇಕು, ಅತ್ತರೂ ಕರೆದರೂ. ಮೀಕಮ್‌ನಲ್ಲಿ ರಿಸರ್ವ್ ಇರುವ ಕಾರುಗಳು ಬೇಕಾದಷ್ಟು. ನನಗೆ ಇಷ್ಟವಾಗುವುದು ಈ ಎರಡನೆಯ ಬಗೆ. ಯಾಕೆಂದರೆ ಅಲ್ಲಿ ಮಾರುವವನೂ ಆಟದಲ್ಲಿ ಇರುತ್ತಾನೆ. ವೇದಿಕೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಕಂಪನಿಯವನೊಬ್ಬ ಕಿವಿಯಲ್ಲಿ ಏನೋ ಹೇಳುತ್ತಾನೆ. ಇವನು ನೆಲ ನೋಡುತ್ತಾನೆ, ಕಾರು ನೋಡುತ್ತಾನೆ, ಕೊನೆಗೆ ಹೂಂ ಅನ್ನುತ್ತಾನೆ. ತಕ್ಷಣ ಮೈಕಿನಲ್ಲಿ "ರಿಸರ್ವ್ ತೆಗೆದಾಯಿತು" ಅಂತ ಕೂಗು ಬೀಳುತ್ತದೆ. ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಯಾರೋ ಒಬ್ಬರು ಆಗ ಕೈ ಎತ್ತುತ್ತಾರೆ. ಅವರು ಕಾಯುತ್ತಿದ್ದದ್ದೇ ಅದಕ್ಕೆ.

ರಿಸರ್ವ್ ಮುಟ್ಟುವ ತನಕ ಕೆಲವು ಹರಾಜುಗಾರರು ಗಾಳಿಯಲ್ಲೂ ಸವಾಲು ಹಿಡಿಯುತ್ತಾರೆ. ಅಂದರೆ ಯಾರೂ ಕೈ ಎತ್ತಿರುವುದಿಲ್ಲ, ಇವರು ಹಿಂದಿನ ಗೋಡೆ ನೋಡಿಕೊಂಡು ಬೆಲೆ ಏರಿಸುತ್ತಾರೆ. ಹರಾಜಿನ ಲೋಕದಲ್ಲಿ ಇದು ಹಳೆಯ ರೂಢಿ, ಬಹಳ ಕಡೆ ಕಾನೂನೂ ಒಪ್ಪುತ್ತದೆ. ಟೀವಿಯಲ್ಲಿ ನೋಡುವಾಗ ಯಾವ ಸವಾಲು ನಿಜ, ಯಾವುದು ಗೋಡೆಯದು ಅಂತ ಊಹಿಸುವುದೇ ಒಂದು ಮಜಾ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಶನಿವಾರ ಸಂಜೆ ಬರುವ ಹೆಸರುವಾಸಿ ಕಾರುಗಳನ್ನು ನೋಡಲು ಎಲ್ಲರೂ ಟೀವಿ ಹಾಕುತ್ತಾರೆ. ನಾನು ಹೇಳುವುದು, ಗುರುವಾರ ಮಧ್ಯಾಹ್ನ ಹಾಕಿ. ನಲವತ್ತು, ಐವತ್ತು, ಎಂಬತ್ತು ಸಾವಿರ ಡಾಲರಿನ ಕಾರುಗಳು ಸಾಲಾಗಿ ಬರುವ ಹೊತ್ತು ಅದು. ಒಂದೊಂದಕ್ಕೆ ಎರಡು ಮೂರು ನಿಮಿಷ. ಏನಾದರೂ ಕಲಿಯುವುದಿದ್ದರೆ ಅಲ್ಲೇ.

ಒಂದು ಉದಾಹರಣೆ ಕೊಡುತ್ತೇನೆ. 1970ರ ಶೆವರ್ಲೆ ಶೆವೆಲ್ ಎಸ್‌ಎಸ್. ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, ಶೆವೆಲ್‌ನ ಜೋರಿನ ಮಾದರಿ. ಅದರ ದೊಡ್ಡ ಇಂಜಿನ್ನಿಗೆ ಎಲ್‌ಎಸ್6 ಅಂತ ಹೆಸರು. 454 ಘನ ಇಂಚು, ಅಂದರೆ ಏಳೂವರೆ ಲೀಟರಿನ ಹತ್ತಿರ. ಕಂಪನಿ ಹೇಳಿಕೊಂಡ ಶಕ್ತಿ 450 ಅಶ್ವಶಕ್ತಿ. ಶೆವೆಲ್‌ನಲ್ಲಿ ಅದು ಬಂದದ್ದು ಆ ಒಂದೇ ವರ್ಷ. ಸಹಜವಾಗಿ ಎಲ್ಲರಿಗೂ ಬೇಕು. ತೊಂದರೆ ಏನಪ್ಪಾ ಅಂದರೆ, ಸಾದಾ ಮಾಲಿಬು ಶೆವೆಲ್ ತಂದು, ಬಾನೆಟ್ಟಿಗೆ ಕಪ್ಪು ಪಟ್ಟೆ ಬಳಿದು, ಎಸ್‌ಎಸ್ ಬಿಲ್ಲೆ ಅಂಟಿಸಿ, ದೊಡ್ಡ ಇಂಜಿನ್ ಕೂರಿಸಿದರೆ ಕಣ್ಣಿಗೆ ಫರಕೇ ಗೊತ್ತಾಗುವುದಿಲ್ಲ. ಚಾಸಿ ನಂಬರು ನೋಡಿದರೆ ತಿಳಿಯಲ್ವಾ ಅಂತೀರಿ. 1966ರಿಂದ 68ರವರೆಗಿನ ಎಸ್‌ಎಸ್ ಆದರೆ ತಿಳಿಯುತ್ತದೆ. ಆಗ ಎಸ್‌ಎಸ್ 396 ಬೇರೆಯೇ ಸರಣಿ, ನಂಬರು 138 ಅಂತ ಶುರುವಾಗುತ್ತಿತ್ತು. 1969ರಿಂದ ಎಸ್‌ಎಸ್ ಅನ್ನುವುದು ದುಡ್ಡು ಜಾಸ್ತಿ ಕೊಟ್ಟರೆ ಸಿಗುವ ಒಂದು ಪ್ಯಾಕೇಜ್ ಆಯಿತು. ಅಲ್ಲಿಗೆ ಚಾಸಿ ನಂಬರು ಬಾಯಿ ಮುಚ್ಚಿಕೊಂಡಿತು.

ಹಾಗಾಗಿ 1970ರ ಕಾರಿಗೆ ಕಾಗದವೇ ದೇವರು. ಯಾವ ಕಾರಿಗೆ ಏನೇನು ಜೋಡಿಸಬೇಕು ಅಂತ ಬರೆದು ಕಾರ್ಖಾನೆಯಲ್ಲಿ ಕಾರಿನ ಜೊತೆ ಸಾಗುತ್ತಿದ್ದ ಬಿಲ್ಡ್ ಶೀಟು ಇದೆಯಾ? ಕೆಲವು ಸಲ ಅದು ಸೀಟಿನ ಸ್ಪ್ರಿಂಗಿನ ನಡುವೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಮಡಚಿಕೊಂಡು ದಶಕಗಟ್ಟಲೆ ಉಳಿದಿರುತ್ತದೆ. ಇಂಜಿನ್ನಿನ ಮೇಲೆ ಒತ್ತಿದ ನಂಬರು ಚಾಸಿಗೆ ಹೊಂದುತ್ತದಾ? ಇಂಜಿನ್ ಎರಕ ಹೊಯ್ದ ತಾರೀಖು ಕಾರು ತಯಾರಾದ ದಿನಕ್ಕಿಂತ ಮುಂಚೆ ಇದೆಯಾ? ಇಂಜಿನ್ನಿನ ತಾರೀಖು ಕಾರಿಗಿಂತ ಆಮೇಲಿನದಾದರೆ ಅದು ಆ ಕಾರಿನಲ್ಲಿ ಹುಟ್ಟಿದ್ದಲ್ಲ ಅಂತ ಲೆಕ್ಕ, ಅಷ್ಟೇ. ಟೀವಿಯಲ್ಲಿ ವಿವರಣೆ ಕೊಡುವವರು ಇದನ್ನೆಲ್ಲ ಬಾಯಿಪಾಠ ಒಪ್ಪಿಸುವಾಗ ನಾನು ಪುಸ್ತಕ ಪೆನ್ನು ಹಿಡಿದು ಕೂತಿರುತ್ತೇನೆ. ಒಂದೇ ಬಣ್ಣದ, ಒಂದೇ ವರ್ಷದ ಎರಡು ಶೆವೆಲ್ ಅರ್ಧ ಗಂಟೆಯ ಅಂತರದಲ್ಲಿ ಬಂದು, ಒಂದು ಇನ್ನೊಂದರ ಎರಡರಷ್ಟು ಬೆಲೆಗೆ ಹೋದರೆ ನೋಡುವವರು ಕಣ್ಣುಜ್ಜಿಕೊಳ್ಳುತ್ತಾರೆ. ಕಾರಣ ಆ ಮಡಚಿದ ಕಾಗದ.

ಹೆಸರುವಾಸಿ ಕಾರುಗಳನ್ನು ಪೂರ್ತಿ ತೆಗೆದುಹಾಕುತ್ತಿಲ್ಲ. 2020ರ ಜನವರಿ 10ರಂದು ಕಿಸಿಮಿಯಲ್ಲಿ ಬಂದ ಹಸಿರು ಮಸ್ಟಾಂಗ್ ಯಾರಿಗೆ ತಾನೇ ಬೇಡ? 1968ರ ಕಾರು. "ಬುಲಿಟ್" ಸಿನಿಮಾದಲ್ಲಿ ನಟ ಸ್ಟೀವ್ ಮ್ಯಾಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಓಡಿಸಿದ ಕಾರು. 1974ರಲ್ಲಿ ಒಂದು ಕುಟುಂಬ ಇದನ್ನು ಕೊಂಡಿತು. ಆ ಮನೆಯ ಮೇಡಂ ಟೀಚರು, ಇದರಲ್ಲೇ ಸ್ಕೂಲಿಗೆ ಹೋಗಿಬರುತ್ತಿದ್ದರು. ಕೆಲವು ವರ್ಷ ಬಿಟ್ಟು ಮ್ಯಾಕ್ವೀನ್ ಖುದ್ದು ಕಾಗದ ಬರೆದು ಕಾರು ಕೊಡಿ ಅಂತ ಕೇಳಿದ. ಕೊಡಲಿಲ್ಲ! ಹರಾಜಿಗೆ ತಂದಾಗ ಅದಕ್ಕೆ ಹೊಸ ಬಣ್ಣ ಹೊಡೆಸಿರಲಿಲ್ಲ. ತುಕ್ಕು, ಗೀರು ಎಲ್ಲ ಇದ್ದ ಹಾಗೇ ಇತ್ತು. ಕ್ಯಾಮೆರಾ ಕೂರಿಸಲು ಸಿನಿಮಾದವರು ಕೊರೆದ ಗುರುತುಗಳೂ ಇದ್ದವು. ಕೂಗು ಶುರುವಾದದ್ದು 3,500 ಡಾಲರಿಗೆ. ಬೇಕೆಂದೇ ಹಾಗೆ ಶುರು ಮಾಡಿದರು, ಆ ಕುಟುಂಬ ಮೊದಲು ಕೊಟ್ಟ ಬೆಲೆ ಅಷ್ಟು ಅಂತ ಆಗ ಹೇಳಿದರು. ಸುತ್ತಿಗೆ ಬಿದ್ದದ್ದು 34 ಲಕ್ಷ ಡಾಲರಿಗೆ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವನು ಕಂಪನಿಗೆ ಕಮಿಷನ್ ಕೊಡಬೇಕು, ಈ ಹರಾಜುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು. ಹಾಗಾಗಿ ಮಸ್ಟಾಂಗಿನ ಬೆಲೆ ಮರುದಿನ ಪತ್ರಿಕೆಯಲ್ಲಿ 37 ಲಕ್ಷ 40 ಸಾವಿರ ಆಗಿರುತ್ತದೆ. 2013ರಲ್ಲಿ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾಟ್‌ಮನ್ ಟೀವಿ ಸರಣಿಯ ಕಾರು ಬ್ಯಾಟ್‌ಮೊಬೈಲ್ ಹೋದದ್ದು 42 ಲಕ್ಷಕ್ಕೆ, ಕಮಿಷನ್ ಸೇರಿ 46 ಲಕ್ಷ 20 ಸಾವಿರ. ಅದು ಮೊದಲು 1955ರ ಲಿಂಕನ್ ಫ್ಯೂಚುರಾ ಅನ್ನುವ ಪ್ರದರ್ಶನದ ಕಾರು. ಕಾರುಗಳಿಗೆ ವೇಷ ಹಾಕುವುದರಲ್ಲಿ ಹೆಸರಾದ ಜಾರ್ಜ್ ಬ್ಯಾರಿಸ್ ಅದನ್ನು ಫೋರ್ಡ್ ಕಂಪನಿಯಿಂದ ಒಂದು ಡಾಲರಿಗೆ ತೆಗೆದುಕೊಂಡಿದ್ದ.

ಇಂಥ ಲಾಭದ ಕಥೆ ಕೇಳಿ ಹಳೆ ಕಾರು ಅಂದರೆ ಚಿನ್ನದ ಗಣಿ ಅಂದುಕೊಳ್ಳಬೇಡಿ. ವೇಗದ ಕಾರು ಕಟ್ಟುವುದರಲ್ಲಿ ಹೆಸರಾದ ಕ್ಯಾರೊಲ್ ಶೆಲ್ಬಿ ತನ್ನ ಸ್ವಂತಕ್ಕೆ ಇಟ್ಟುಕೊಂಡಿದ್ದ ಕೋಬ್ರಾ ಸೂಪರ್ ಸ್ನೇಕ್ ಇದೆಯಲ್ಲ, ಅದಕ್ಕೆ 2007ರಲ್ಲಿ ಸ್ಕಾಟ್ಸ್‌ಡೇಲ್‌ನಲ್ಲಿ ಕಮಿಷನ್ ಸೇರಿ 55 ಲಕ್ಷ ಡಾಲರ್ ಬಂತು. ಇಡೀ ಸಭೆ ಎದ್ದು ನಿಂತಿತ್ತು. ಅದೇ ಕಾರು 2021ರಲ್ಲಿ ಕಿಸಿಮಿಗೆ ಬಂತು. ಎಷ್ಟಕ್ಕೆ ಹೋಯಿತು ಗೊತ್ತಾ? ಹೆಚ್ಚುಕಮ್ಮಿ ಅಷ್ಟಕ್ಕೇ. ಹದಿನಾಲ್ಕು ವರ್ಷದಲ್ಲಿ ಡಾಲರಿನ ಬೆಲೆಯೇ ಎಷ್ಟು ಇಳಿದಿತ್ತು, ನೀವೇ ಲೆಕ್ಕ ಹಾಕಿ.

ಇನ್ನು ಎಲ್ಲಕ್ಕಿಂತ ದುಬಾರಿ ಕಾರು ಮಾರಾಟವಾದದ್ದನ್ನು ಟೀವಿಯಲ್ಲಿ ಯಾರೂ ನೋಡಲೇ ಇಲ್ಲ. 2022ರ ಮೇ 5ರಂದು ಜರ್ಮನಿಯ ಶ್ಟುಟ್‌ಗಾರ್ಟ್‌ನಲ್ಲಿ, ಮರ್ಸಿಡಿಸ್ ಮ್ಯೂಸಿಯಂ ಒಳಗೆ, ಕರೆದವರಿಗೆ ಮಾತ್ರ ಬಾಗಿಲು ತೆಗೆದು 1955ರ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆ ಮಾರಿದರು. ಮಾಡಿದ್ದೇ ಎರಡು ಕಾರು, ಅದರಲ್ಲಿ ಒಂದು. ಬೆಲೆ ಹದಿಮೂರೂವರೆ ಕೋಟಿ ಯೂರೋ. ಸುದ್ದಿ ಹೊರಬಿದ್ದದ್ದು ಎರಡು ವಾರದ ಮೇಲೆ. ನನಗೇನೂ ಬೇಜಾರಾಗಲಿಲ್ಲ. ಅಷ್ಟು ದೊಡ್ಡ ಅಂಕಿ ಕೇಳಿದ ಮೇಲೆ ನನ್ನ ಊಹೆಗೆ ಅಲ್ಲೇನು ಕೆಲಸ?

ನನಗೆ ತಲೆನೋವು ತರಿಸುವುದು ಬೇರೆ. ಈಚೆಗೆ ಸ್ಕಾಟ್ಸ್‌ಡೇಲ್‌ನಲ್ಲಿ ರೆಸ್ಟೊಮಾಡ್‌ಗಳ ಕಾಟ ವಿಪರೀತ. ಹೊರಗೆ 1967ರ ಕಾರ್ವೆಟ್ಟು. ಒಳಗೆ ಹೊಸ ಕಾಲದ ಇಂಜಿನ್, ಹೊಸ ಸಸ್ಪೆನ್ಷನ್, ಎಸಿ, ಬ್ಲೂಟೂತು. ಓಡಿಸಲು ಸುಖವಾಗಿರುತ್ತೆ, ಒಪ್ಪಿದೆ. ಎಷ್ಟೋ ಸಲ ಅಸಲಿ ಕಾರಿಗಿಂತ ಜಾಸ್ತಿ ಬೆಲೆಯೂ ಬರುತ್ತದೆ. ಆದರೆ ನೋಡುವವನಿಗೆ ಅದರಲ್ಲಿ ಹುಡುಕಲು ಏನಿದೆ? ಯಾವ ನಂಬರೂ ಯಾವುದಕ್ಕೂ ಹೊಂದಬೇಕಾಗಿಲ್ಲ. ಅಂಥ ಕಾರು ಬಂದಾಗ ನಾನು ಎದ್ದು ನೀರು ಕುಡಿದು ಬರುತ್ತೇನೆ.

ಅದಕ್ಕಿಂತ ಜಪಾನಿನ ಕಾರುಗಳು ಬರುತ್ತಿರುವುದು ಒಳ್ಳೆಯ ಬದಲಾವಣೆ. ಅಮೆರಿಕದಲ್ಲಿ ಒಂದು ನಿಯಮ ಇದೆ. ಅಲ್ಲಿನ ಸುರಕ್ಷತೆಯ ಕಟ್ಟಳೆಗೆ ಹೊಂದದ ಕಾರಿಗೂ 25 ವರ್ಷ ತುಂಬಿದರೆ ಆಮದಿಗೆ ಅಡ್ಡಿ ಇಲ್ಲ. 1999ರಲ್ಲಿ ಬಂದ ನಿಸಾನ್ ಸ್ಕೈಲೈನ್ ಜಿಟಿ-ಆರ್ ಆರ್34ಗೆ ಹೀಗೆ 2024ರಲ್ಲಿ ದಾರಿ ತೆರೆಯಿತು. ಚಿಕ್ಕವರಿದ್ದಾಗ ಗೋಡೆಗೆ ಅದರ ಚಿತ್ರ ಅಂಟಿಸಿಕೊಂಡಿದ್ದ ಹುಡುಗರ ಕೈಯಲ್ಲಿ ಈಗ ದುಡ್ಡಿದೆ. ಮುಂದಿನ ಸಾಲಿನಲ್ಲಿ ಬಿಳಿ ಕೂದಲಿನ ನಡುವೆ ಕಪ್ಪು ಕೂದಲೂ ಕಾಣಿಸುತ್ತಿದೆ.

ನೀವೂ ನೋಡಲು ಶುರು ಮಾಡುವುದಾದರೆ ಒಂದು ಕೆಲಸ ಮಾಡಿ. ಕಾರು ವೇದಿಕೆಗೆ ಬಂದ ತಕ್ಷಣ, ಮೊದಲ ಕೂಗಿಗೂ ಮುಂಚೆ, ನಿಮ್ಮ ಬೆಲೆಯನ್ನು ಚೀಟಿಯಲ್ಲಿ ಬರೆದಿಡಿ. ಮನೆಯವರ ಕೈಲೂ ಬರೆಸಿ. ಕಾರಿನ ಗಂಧಗಾಳಿ ಇಲ್ಲದವರು ಎಷ್ಟೋ ಸಲ ಗೆಲ್ಲುತ್ತಾರೆ. ಅವರು ಬಣ್ಣ ನೋಡಿ ಬರೆಯುತ್ತಾರೆ, ಕೊಳ್ಳುವವರಲ್ಲೂ ಬಹಳ ಜನ ಬಣ್ಣ ನೋಡಿಯೇ ಕೈ ಎತ್ತುತ್ತಾರೆ. ಮತ್ತೆ, ಮಾರಾಟವಾಗದೆ ವಾಪಸು ಹೋಗುವ ಕಾರುಗಳ ಮೇಲೆ ಕಣ್ಣಿಡಿ. 2021ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೀಕಮ್‌ನವರು 1971ರ ಪ್ಲಿಮತ್ ಕಂಪನಿಯ "ಹೆಮಿ ಕೂಡಾ" ಅನ್ನುವ, ಮೇಲ್ಛಾವಣಿ ಮಡಚಬಹುದಾದ ಕಾರೊಂದನ್ನು ವೇದಿಕೆಗೆ ತಂದರು. ಅಂಥವು ಜಗತ್ತಿನಲ್ಲಿ ಹತ್ತು ಹನ್ನೆರಡು ಇದ್ದರೆ ಹೆಚ್ಚು. ಕೂಗು 48 ಲಕ್ಷ ಡಾಲರಿಗೆ ನಿಂತಿತು. ಮಾರುವವರು ಸಾಲದು ಅಂದರು. ನಿಮ್ಮ ಚೀಟಿಯಲ್ಲಿ ಎಷ್ಟಿರುತ್ತಿತ್ತು, ನೀವಾಗಿದ್ದರೆ ಕೊಟ್ಟುಬಿಡುತ್ತಿದ್ದಿರಾ?

ಜನವರಿಯಲ್ಲಿ ಕಿಸಿಮಿ ಮೊದಲು, ಆಮೇಲೆ ಸ್ಕಾಟ್ಸ್‌ಡೇಲ್. ಗುರುವಾರ ಮಧ್ಯಾಹ್ನ ಮರೀಬೇಡಿ. ನಮಸ್ಕಾರ.