ಬೆರಳಿನ ಕ್ಲಿಪ್ಪು, ಕಾಕಾನ ಕೈ

ನಮಸ್ಕಾರ್ರೀ ಎಲ್ಲಾರಿಗೂ. ಕೋವಿಡ್ ಟೈಮ್‌ನ್ಯಾಗ ತೊಗೊಂಡಿದ್ರಲ್ಲ, ಆಕ್ಸಿಜನ್ ನೋಡಾಕ ಬೆರಳಿಗೆ ಹಾಕೋ ಆ ಕ್ಲಿಪ್ಪು, ಇನ್ನೂ ಐತೇನು ಮನ್ಯಾಗ? ನಮ್ಮದು ದೇವರ ಮನಿ ಬಾಜೂ ಗೂಡಿನ್ಯಾಗ ಬಿದ್ದೈತಿ, ಸೆಲ್ ಹೋಗ್ಯಾವು. ಸ್ಪೆಕ್ಟ್ರೋಸ್ಕೋಪಿ, ಅಂದ್ರ ಬೆಳಕು ಹಾಯಿಸಿ ಒಳಗ ಏನೈತಿ ಅಂತ ಹೇಳೋ ವಿದ್ಯೆ, ಅಂದ ಕೂಡ್ಲೆ ಜನ, ಅಯ್ಯ ಅದೆಲ್ಲಾ ಬೆಂಗಳೂರಾಗ ದೊಡ್ಡ ಲ್ಯಾಬ್‌ದವ್ರ ಕೆಲಸ ಬಿಡೋ ಅಂತಾರ, ಆದ್ರ ಆ ಕ್ಲಿಪ್ಪ ಸ್ಪೆಕ್ಟ್ರೋಸ್ಕೋಪಿ ನೋಡ್ರಿ. ಸುಮಾರು 660 ನ್ಯಾನೋಮೀಟರ್‌ದು ಕೆಂಪು ಬೆಳಕು, 940ರದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಎರಡನ್ನೂ ಬೆರಳಿನ್ಯಾಗ ಹಾಯಿಸ್ತೈತಿ. ಆಕ್ಸಿಜನ್ ಹೊತ್ತ ರಕ್ತ ಇನ್‌ಫ್ರಾರೆಡ್ ಜಾಸ್ತಿ ಹೀರ್ತೈತಿ, ಆಕ್ಸಿಜನ್ ಇಲ್ಲದ್ದು ಕೆಂಪು ಜಾಸ್ತಿ ಹೀರ್ತೈತಿ, ಆಚೆ ಕಡೆ ಎಷ್ಟ್ ಉಳಿದು ಬಂತು ಅನ್ನೋದ ಲೆಕ್ಕ. 1970ರ ದಶಕದಾಗ ಜಪಾನಿನ ಟಕುವೊ ಆವೊಯಾಗಿ ಅನ್ನೋರು ಹುಡುಕಿದ್ದು.

ಆದ್ರ ಬೆಳಕು ಚರ್ಮ ದಾಟಿ ಹೋಗಬೇಕಲ್ರೀ. 2020ರಾಗ ಅಮೆರಿಕಾದ ಪೇಷಂಟ್‌ಗಳ ರೀಡಿಂಗ್ ತಾಳೆ ಹಾಕಿ ನೋಡಿದಾಗ, ಕ್ಲಿಪ್ಪು ಚೊಲೋ ನಂಬರ್ ತೋರಿಸ್ತಿದ್ರೂ ರಕ್ತದಾಗ ಆಕ್ಸಿಜನ್ ಕಮ್ಮಿ ಇದ್ದದ್ದು, ಬಿಳಿಯರಿಗಿಂತ ಕಪ್ಪು ವರ್ಣದವರೊಳಗ ಸುಮಾರು ಮೂರು ಪಟ್ಟು ಜಾಸ್ತಿ ಸಿಕ್ತು. ಎಚ್‌ಬಿಎ1ಸಿ ಅನ್ನೋ ಶುಗರ್ ಟೆಸ್ಟೂ ಹಂಗ, ರಕ್ತಕಣದಾಗಿನ ಹಿಮೋಗ್ಲೋಬಿನ್‌ಗೆ ಎಷ್ಟ್ ಸಕ್ಕರಿ ಅಂಟೈತಿ ಅಂತ ನೋಡ್ತೈತಿ. ಕೆಂಪು ರಕ್ತಕಣ ಸುಮಾರು 120 ದಿವಸ ಬದುಕ್ತೈತಿ, ಅದಕ್ಕ ಅದು ಮೂರು ತಿಂಗಳ ಶುಗರ್ ಕಥಿ ಹೇಳ್ತೈತಿ, 6.5 ಇಲ್ಲಾ ಅದಕ್ಕಿಂತ ಜಾಸ್ತಿ ಬಂದ್ರ ಡಯಾಬಿಟೀಸ್ ಅಂತಾರ. ಆದ್ರ ಕಬ್ಬಿಣದಂಶ ಕಡಿಮಿ ಆಗಿ ರಕ್ತ ಕಮ್ಮಿ ಇದ್ದೋರಿಗೆ ಶುಗರ್ ಇಲ್ದಿದ್ರೂ ಅದು ಏರಿ ಬರಬೋದು. ನಮ್ಮ ಕಡೆ ಹೆಣ್ಮಕ್ಕಳಿಗೆ ರಕ್ತ ಕಮ್ಮಿ ಇರೋದು ಏನ್ ಹೊಸಾದೇನ್ರಿ? ರಿಪೋರ್ಟ್‌ನ್ಯಾಗ ದಪ್ಪ ಅಕ್ಷರ ಕಂಡ ಕೂಡ್ಲೆ ಗುಳಗಿ ಶುರು ಮಾಡೋಕಿಂತ ಮೊದಲ ಹಿಮೋಗ್ಲೋಬಿನ್ ಎಷ್ಟೈತಿ ಅಂತ ಕೇಳ್ರಿ, ನನ್ನ ಮಾತು ಇಷ್ಟ, ನಂಬರ್ ಯಾರದು ಅನ್ನೋದು ನೋಡದ ನಂಬರ್ ಓದಬ್ಯಾಡ್ರಿ.

ಈಗ ಬೆಟಗೇರಿ ಕಾಕಾನ ವಿಷಯ. ಮಗ್ಗದ ಮನುಷ್ಯ, ಲಕ್ವಾ ಹೊಡೀತು, ಬಲಗೈ ಹೋತು. ಎಂಆರ್‌ಐ, ರಕ್ತ, ಎಲ್ಲಾ ಆತು, ಫೈಲು ಪಂಚಾಂಗದಷ್ಟು ದಪ್ಪ ಆತು. ಡಿಸ್ಚಾರ್ಜ್ ದಿವಸ ಏನ್ ಕೊಟ್ರು ಗೊತ್ತೇನು, ಒಂದು ಝೆರಾಕ್ಸ್ ಹಾಳಿ, ಹತ್ತು ಎಕ್ಸರ್‌ಸೈಜ್, ಬಾಜೂ ಬೆಡ್‌ನ್ಯಾಗ ಕಾಲು ಹೋಗಿದ್ದ ಅಜ್ಜಗೂ ಅದ ಹಾಳಿ! ಕಾಕಾ ಒಂದ ಕೇಳಿದ್ರು, ನಾ ಲಾಳಿ ಯಾವಾಗ ಒಗೀಲಿ ಅಂತ. ನೋಡೋಣು ಅಂದ್ರು, ಅಷ್ಟ.

ನ್ಯೂಜಿಲೆಂಡ್‌ದಾಗ ಪ್ರೆಪ್-2 ಅಂತ ಒಂದು ಪದ್ಧತಿ ಮಾಡ್ಯಾರ. ಲಕ್ವಾ ಹೊಡೆದ ಮೂರು ದಿವಸದೊಳಗ ಹೆಗಲಿನಿಂದ ಕೈ ಬಾಜೂಕ ಎತ್ತತಾರೇನು, ಬೆರಳು ಬಿಚ್ಚತಾರೇನು, ಎರಡಕ್ಕೂ ಐದೈದು ಮಾರ್ಕು, ಕೂಡಿಸಿ ಐದು ಇಲ್ಲಾ ಅದರ ಮ್ಯಾಲೆ ಬಂದ್ರ ಮೂರು ತಿಂಗಳಾಗ ಕೈ ಬಹುತೇಕ ಚೊಲೋ ಬರ್ತೈತಿ. ಮಷೀನ್ ಬ್ಯಾಡ, ಕರೆಂಟ್ ಬ್ಯಾಡ! ಐದಕ್ಕಿಂತ ಕಮ್ಮಿ ಇದ್ರ ಮಾತ್ರ ತಲಿ ಮ್ಯಾಲೆ ಕಾಯಿಲ್ (ತಂತಿ ಸುರುಳಿ) ಹಿಡಿದು ಮ್ಯಾಗ್ನೆಟ್‌ಲೆ ಮೆದುಳು ತಟ್ಟಿ, ಸಿಗ್ನಲ್ ಕೈತನಕ ಮುಟ್ಟತೈತೇನು ಅಂತ ನೋಡ್ತಾರ, ಅದ ಬಯೋಮಾರ್ಕರ್, ಅಂದ್ರ ಮುಂದ ಏನಾಗ್ತೈತಿ ಅಂತ ಹೇಳೋ ಮೈಯಾಗಿನ ಗುರುತು. ಸಿಗ್ನಲ್ ಬಂತಂದ್ರ ಆ ಕೈಗೆ ಜೋರ್ ದುಡಿಸಬೇಕು, ಬರಲಿಲ್ಲಂದ್ರ ಕೈ ಪೂರ್ತಿ ಬರೋ ಆಸೆ ಕಡಿಮಿ, ಇನ್ನೊಂದು ಕೈಲೆ ಬದುಕು ನಡೆಸೋದೂ ಈಗಿಂದ ಕಲಿಸಬೇಕು, ಮನಿಯವ್ರಿಗೂ ಸುಳ್ಳು ಆಸೆ ಇರಂಗಿಲ್ಲ.

ಇನ್ನ ಬೆಳಕಿನದು, ಎಫ್‌ಎನ್‌ಐಆರ್‌ಎಸ್ ಅಂತ ಟೊಪ್ಪಿಗಿಯಂಥಾದ್ದು ಬಂದೈತಿ, ಇನ್‌ಫ್ರಾರೆಡ್ ತಲಿಬುರುಡಿ ದಾಟಿ ಮೆದುಳಿನ ಮ್ಯಾಲಿನ ಪದರದಾಗ ಎಲ್ಲೆ ರಕ್ತ ಓಡಾಕತ್ತೈತಿ ಅಂತ ಎಕ್ಸರ್‌ಸೈಜ್ ಮಾಡೋವಾಗನ ತೋರಿಸ್ತೈತಿ. ನಮ್ಮ ಕ್ಲಿಪ್ಪಿನ ಅಣ್ಣ ಅನ್ರಿ. ಇನ್ನೂ ಹೆಚ್ಚಾಗಿ ರಿಸರ್ಚ್‌ನ್ಯಾಗ ಐತಿ, ದಟ್ಟ ಕರೀ ಕೂದಲು ಬೆಳಕ ತಿಂತೈತಿ ಅನ್ನೋ ತ್ರಾಸೂ ಐತಿ (ಕಾಕಾಗ ಆ ತ್ರಾಸ ಇಲ್ಲ ಬಿಡ್ರಿ, ಬೋಳು ತಲಿ). ಅದು ಬರ್ತೈತಿ ಅಂತ ಕಾಯೋದು ಬ್ಯಾಡ, ಹೆಗಲು, ಬೆರಳು ನೋಡಾಕ ಇವತ್ತ ಯಾರ್ ಬ್ಯಾಡ ಅಂದಾರ?

ಆ ಹಾಳಿ ಕಾಕಿ ಇನ್ನೂ ಕಪಾಟಿನ ಬಾಗಲಕ್ಕ ಅಂಟಿಸ್ಯಾರ. ಏಳನೇದು, ಮೆಟ್ಟಲಾ ಹತ್ತಿ ಇಳೀರಿ. ಕಾಕಾನ ಮನ್ಯಾಗ ಮೆಟ್ಟಲ ಇಲ್ಲ.