ಸಾಕ್ಷಿಯ ಮೊದಲ ಮಾತು

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ಒಂದು ಕೇಸಿಗೆ ಬರುತ್ತೇನೆ.

1984ರ ಜುಲೈ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಬರ್ಲಿಂಗ್ಟನ್ ಅಂತ ಒಂದು ಊರು. ಅಲ್ಲಿ 22 ವರ್ಷದ ಒಬ್ಬ ಕಾಲೇಜು ಹುಡುಗಿಯ ಮನೆಗೆ ರಾತ್ರಿ ಒಬ್ಬ ನುಗ್ಗಿದ, ಕುತ್ತಿಗೆಗೆ ಚಾಕು ಹಿಡಿದು ಅತ್ಯಾಚಾರ ಮಾಡಿದ. ಆಕೆ ಎಂಥ ಗಟ್ಟಿಗಿತ್ತಿ ಅಂದರೆ, ಅಷ್ಟು ಭಯದಲ್ಲೂ ಅವನ ಮುಖವನ್ನು ಬೇಕೆಂದೇ ನೋಡಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಳು. ಬದುಕಿ ಉಳಿದರೆ ಇವನನ್ನು ಹಿಡಿಸಲೇಬೇಕು ಅಂತ. ಕೊನೆಗೆ ಹೇಗೋ ಮನೆಯಿಂದ ಓಡಿ ತಪ್ಪಿಸಿಕೊಂಡಳು.

ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುತ್ತಾರಾ ಹೇಳಿ? ಬುದ್ಧಿವಂತೆ, ಪ್ರಾಮಾಣಿಕಳು, ಹತ್ತಿರದಿಂದ ನೋಡಿದ್ದಾಳೆ.

ಪೊಲೀಸರು ಆಕೆಯ ಮುಂದೆ ಆರು ಫೋಟೋ ಇಟ್ಟರು. ಆಕೆ ಹತ್ತಿರ ಹತ್ತಿರ ಐದು ನಿಮಿಷ ನೋಡಿದಳು. ಐದು ನಿಮಿಷ ಅಂದರೆ ಎಷ್ಟು ಅಂತ ಮನೆಗೆ ಹೋಗಿ ಗಡಿಯಾರ ಇಟ್ಟುಕೊಂಡು ನೋಡಿ. ನಮಗೆ ಗೊತ್ತಿರುವ ಮುಖವನ್ನು ಗುರುತು ಹಿಡಿಯಲು ಒಂದೆರಡು ಸೆಕೆಂಡ್ ಸಾಕು. ಐದು ನಿಮಿಷ ಆಯಿತು ಅಂದರೆ ಮನಸ್ಸು ಗುರುತು ಹಿಡಿಯುತ್ತಿಲ್ಲ, ಹೋಲಿಸುತ್ತಿದೆ. ಈ ಆರರಲ್ಲಿ ಯಾರು ಅವನಿಗೆ ಜಾಸ್ತಿ ಹತ್ತಿರ ಅಂತ ಆರಿಸುತ್ತಿದೆ. ಕೊನೆಗೆ ಆಕೆ ರೊನಾಲ್ಡ್ ಕಾಟನ್ ಅನ್ನುವವನ ಫೋಟೋ ತೋರಿಸಿ, ಇವನೇ ಅನ್ನಿಸುತ್ತೆ ಎಂದಳು. ಚೆನ್ನಾಗಿ ಮಾಡಿದೆ ಅನ್ನುವ ಹಾಗೆ ಪೊಲೀಸರೂ ಮಾತಾಡಿದರು. ಆಮೇಲೆ ಕೆಲವರನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ನಾಲ್ಕನೆಯವನೋ ಐದನೆಯವನೋ ಅಂತ ಆಕೆಗೆ ಅನುಮಾನ. ಐದು ಅಂದಳು. ಫೋಟೋದಲ್ಲಿ ನೀನು ತೋರಿಸಿದವನೂ ಇವನೇ ಅಂತ ಪೊಲೀಸರು ಹೇಳಿದರು. ಫೋಟೋದಲ್ಲೂ ಸಾಲಿನಲ್ಲೂ ಎರಡೂ ಕಡೆ ಇದ್ದವನು ಅವನೊಬ್ಬನೇ. ಎರಡನೇ ಸಲ ಆಕೆಗೆ ನೆನಪಾದದ್ದು ಆ ರಾತ್ರಿ ಕಂಡ ಮುಖವಾ, ಫೋಟೋದಲ್ಲಿ ಕಂಡ ಮುಖವಾ?

1985ರಲ್ಲಿ ಕೋರ್ಟಿಗೆ ಬರುವ ಹೊತ್ತಿಗೆ "ಅನ್ನಿಸುತ್ತೆ" ಅನ್ನುವ ಮಾತು ಹೋಗಿತ್ತು. ಇವನೇ, ಅನುಮಾನವೇ ಇಲ್ಲ. ಕಾಟನ್‌ಗೆ ಜೀವಾವಧಿ ಶಿಕ್ಷೆ ಆಯಿತು.

ಇಲ್ಲಿ ಇನ್ನೊಂದು ಸಂಗತಿ ಇದೆ, ನನ್ನ ಮನಸ್ಸನ್ನು ತುಂಬಾ ಕಾಡುವಂಥದ್ದು. ಆ ರಾತ್ರಿ ಎಲ್ಲಿದ್ದೆ ಅಂತ ಪೊಲೀಸರು ಕೇಳಿದಾಗ ಕಾಟನ್ ಒಂದು ವಾರಾಂತ್ಯಕ್ಕೂ ಇನ್ನೊಂದಕ್ಕೂ ಅದಲುಬದಲು ಮಾಡಿ ಹೇಳಿಬಿಟ್ಟ. ವಿಚಾರಿಸಿದಾಗ ಅದು ತಾಳೆ ಆಗಲಿಲ್ಲ, ಸುಳ್ಳುಗಾರ ಅಂತ ಆಯಿತು. ಆಕೆಯ ನೆನಪೂ ತಪ್ಪಿತು, ಅವನ ನೆನಪೂ ತಪ್ಪಿತು. ಆದರೆ ಬೆಲೆ ತೆತ್ತವನು ಅವನೊಬ್ಬನೇ.

ನಿಜವಾಗಿ ಆ ಕೃತ್ಯ ಮಾಡಿದವನು ಬಾಬಿ ಪೂಲ್. 1987ರಲ್ಲಿ ಮತ್ತೆ ವಿಚಾರಣೆ ನಡೆದಾಗ ಪೂಲ್‌ನನ್ನು ಕೋರ್ಟಿಗೆ ಕರೆತಂದು ಆಕೆಯ ಎದುರೇ ನಿಲ್ಲಿಸಿದ್ದರು. ಆಕೆಗೆ ಗುರುತೇ ಸಿಗಲಿಲ್ಲ. 1995ರಲ್ಲಿ ಡಿಎನ್ಎ ಪರೀಕ್ಷೆ ಆದಮೇಲೆ ಕಾಟನ್ ಹೊರಗೆ ಬಂದ. ಅಷ್ಟರಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿ ಕಳೆದಿದ್ದ.

ಯಾಕೆ ಹೀಗಾಯಿತು? ಚಾಕು ಇದ್ದಾಗ ಕಣ್ಣು ಚಾಕುವಿನ ಕಡೆಗೇ ಹೋಗುತ್ತದೆ. ಆಕೆ ಬಿಳಿಯಳು, ಅವನು ಕರಿಯ. ಬೇರೆ ಜನಾಂಗದವರ ಮುಖ ಗುರುತಿಸುವಾಗ ತಪ್ಪು ಜಾಸ್ತಿ. ಇವೆಲ್ಲ ನಿಜ. ಆದರೆ ಇವು ನಮ್ಮ ಕೈಲಿ ಇಲ್ಲ. ಕೈಲಿ ಇರುವುದು ಯಾವುದು ಅಂದರೆ, ನೆನಪನ್ನು ನಾವು ಕೇಳುವ ರೀತಿ.

ಗ್ಯಾರಿ ವೆಲ್ಸ್ ಮತ್ತು ಎಮಿ ಬ್ರಾಡ್‌ಫೀಲ್ಡ್ ಅನ್ನುವ ಮನಶ್ಶಾಸ್ತ್ರಜ್ಞರು 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಅಂಗಡಿ ಕ್ಯಾಮೆರಾದ ವಿಡಿಯೋ ಒಂದನ್ನು ತೋರಿಸಿ, ಆಮೇಲೆ ಕೆಲವು ಫೋಟೋ ಕೊಟ್ಟು ಆರಿಸಿ ಅಂದರು. ಆ ಫೋಟೋಗಳಲ್ಲಿ ಅಪರಾಧಿ ಇರಲೇ ಇಲ್ಲ. ಹಾಗಾಗಿ ಆರಿಸಿದವರೆಲ್ಲ ತಪ್ಪೇ. ಅವರಲ್ಲಿ ಕೆಲವರಿಗೆ ಮಾತ್ರ, ಸರಿಯಾಗಿ ಗುರುತಿಸಿದಿರಿ ಅಂತ ಒಂದು ಮಾತು ಹೇಳಿದರು. ಅಷ್ಟಕ್ಕೇ ಅವರ ಧೈರ್ಯ ಏರಿತು. ಬರೀ ಧೈರ್ಯ ಅಲ್ಲ. ನನಗೆ ಮುಖ ಚೆನ್ನಾಗಿ ಕಂಡಿತ್ತು, ನಾನು ಗಮನ ಕೊಟ್ಟು ನೋಡಿದ್ದೆ ಅಂತ ಹಿಂದಿನದನ್ನೂ ಬದಲಾಯಿಸಿ ಹೇಳಿದರು. ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಹಾಗೇ ನೆನಪಿತ್ತು.

ನಮ್ಮ ಬೀದಿಯಲ್ಲೇ ನಾನು ಇದನ್ನು ನೋಡಿದ್ದೇನೆ. ಒಂದು ಬೆಳಿಗ್ಗೆ ಹಾಲು ತರಲು ಹೋಗಿದ್ದ ಅಜ್ಜಿಯೊಬ್ಬರ ಸರ ಕಿತ್ತುಕೊಂಡು ಬೈಕಿನಲ್ಲಿ ಇಬ್ಬರು ಹೋದರು. ನಾನು ಗೇಟಿನ ಹತ್ತಿರ ರಂಗೋಲಿ ಹಾಕುತ್ತಿದ್ದೆ. ನಾನು ಕಂಡದ್ದು ಹಿಂದೆ ಕೂತವನ ಬೆನ್ನು, ನೀಲಿ ಶರ್ಟು, ಅಷ್ಟೇ. ಹತ್ತು ನಿಮಿಷದಲ್ಲಿ ಬೀದಿಯವರೆಲ್ಲ ಸೇರಿದರು. ಎದುರು ಮನೆಯವರು, ಕೆಂಪು ಹೆಲ್ಮೆಟ್ ಅಲ್ವಾ ಅಂದರು. ಪೊಲೀಸರು ಬಂದು ನನ್ನನ್ನು ಕೇಳಿದಾಗ ನನ್ನ ಬಾಯಲ್ಲೂ ಕೆಂಪು ಹೆಲ್ಮೆಟ್ ಬಂತು. ಈಗಲೂ ಕಣ್ಣು ಮುಚ್ಚಿದರೆ ಆ ಹೆಲ್ಮೆಟ್ ಕಾಣುತ್ತದೆ. ನಾನು ಅದನ್ನು ಕಂಡೆನಾ, ಕೇಳಿದೆನಾ ಅಂತ ನನಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

ಹಾಗಂತ ಕಣ್ಣಾರೆ ಕಂಡವರ ಮಾತೆಲ್ಲ ಸುಮ್ನೆ ಅಂತ ತಿಳಿಯಬೇಡಿ. ಕೆನಡಾದ ವ್ಯಾಂಕೂವರ್ ಕಡೆ ಹಾಡಹಗಲೇ ಒಂದು ಬಂದೂಕಿನ ಅಂಗಡಿಯಲ್ಲಿ ದರೋಡೆ ಆಯಿತು, ಬೀದಿಯಲ್ಲೇ ಗುಂಡು ಹಾರಿತು, ಕಳ್ಳ ಸತ್ತ. ಪೊಲೀಸರು ಹೇಳಿಕೆ ತೆಗೆದುಕೊಂಡದ್ದು 21 ಜನರದ್ದು. ಯೂಯ್ಲ್ ಮತ್ತು ಕಟ್‌ಶಾಲ್ ಅನ್ನುವ ಸಂಶೋಧಕರು ನಾಲ್ಕೈದು ತಿಂಗಳ ನಂತರ ಅವರಲ್ಲಿ 13 ಜನರನ್ನು ಮತ್ತೆ ಮಾತಾಡಿಸಿದರು. ಏನು ನಡೆಯಿತು ಅನ್ನುವುದನ್ನು ಅವರು ಬಹುಮಟ್ಟಿಗೆ ಸರಿಯಾಗಿಯೇ ಹೇಳಿದರು. ದಾರಿ ತಪ್ಪಿಸುವ ಪ್ರಶ್ನೆ ಕೇಳಿದರೂ ಬೀಳಲಿಲ್ಲ. ತಪ್ಪಿದ್ದು ಜಾಸ್ತಿ ಬಣ್ಣ, ವಯಸ್ಸು, ಎತ್ತರ, ತೂಕ ಇಂಥದ್ದರಲ್ಲಿ. ಗಮನಿಸಿ, ಅಲ್ಲಿ ಯಾರೂ ಅಪರಿಚಿತನ ಮುಖವನ್ನು ಸಾಲಿನಿಂದ ಆರಿಸಬೇಕಾಗಿರಲಿಲ್ಲ. ನಡೆದದ್ದನ್ನು ಹೇಳುವುದೇ ಬೇರೆ, ಕಾಣದ ಊರಿನವನ ಮುಖ ಗುರುತಿಸುವುದೇ ಬೇರೆ.

ಮುಖದ ವಿಷಯದಲ್ಲೂ ಆಸೆ ಬಿಡಬೇಕಾಗಿಲ್ಲ. ಜಾನ್ ವಿಕ್ಸ್‌ಟೆಡ್ ಮತ್ತು ಇದೇ ವೆಲ್ಸ್ 2017ರಲ್ಲಿ ಬರೆದದ್ದು ಇದು: ಗುರುತಿಸುವ ಕ್ರಮ ಶುದ್ಧವಾಗಿದ್ದು, ಮೊಟ್ಟಮೊದಲ ಸಲವೇ ಸಾಕ್ಷಿ ಪೂರ್ತಿ ಖಚಿತವಾಗಿ ಹೇಳಿದರೆ, ಆ ಮಾತು ಸಾಮಾನ್ಯವಾಗಿ ನಿಜವಾಗಿರುತ್ತದೆ. ಮೊದಲ ಸಲ ತಡವರಿಸಿದರೆ ತಪ್ಪಿರುವ ಸಂಭವ ಜಾಸ್ತಿ. ಅಂದರೆ ಆ ಹುಡುಗಿಯ ನೆನಪು 1984ರಲ್ಲೇ ನಿಜ ಹೇಳಿತ್ತು, ಐದು ನಿಮಿಷ ತಡವರಿಸಿ ಹೇಳಿತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ.

ನಮ್ಮಲ್ಲಿ ಗುರುತಿನ ಪರೇಡ್ ಇದೆ. ಪೊಲೀಸರು ದೂರ ಇರಬೇಕು, ಹೋಲುವ ಬೇರೆಯವರ ಜೊತೆ ಆರೋಪಿಯನ್ನು ನಿಲ್ಲಿಸಬೇಕು, ಮೊದಲೇ ಫೋಟೋ ತೋರಿಸಿರಬಾರದು. ಕ್ರಮ ಒಳ್ಳೆಯದೇ. ಆದರೆ ಪರೇಡ್ ಬರೀ ಪೂರಕ ಸಾಕ್ಷ್ಯ, ಮುಖ್ಯ ಸಾಕ್ಷ್ಯ ಕೋರ್ಟಿನಲ್ಲಿ ಗುರುತಿಸುವುದು ಅನ್ನುತ್ತದೆ ಕಾನೂನು. ನನಗೆ ಇದು ತಲೆಕೆಳಗು ಅನ್ನಿಸುತ್ತದೆ. ಎಷ್ಟೋ ವರ್ಷ ಆದಮೇಲೆ, ಆರೋಪಿಯ ಜಾಗದಲ್ಲಿ ನಿಂತವನನ್ನು ತೋರಿಸಿ ಇವನೇ ಅನ್ನುವುದು ಯಾವ ಪರೀಕ್ಷೆ? ಪರೇಡಿನ ದಿನ ಸಾಕ್ಷಿ ಎಷ್ಟು ಹೊತ್ತು ತೆಗೆದುಕೊಂಡ, ಎಷ್ಟು ಖಚಿತ ಅಂದ, ಯಾವ ಮಾತಿನಲ್ಲಿ ಅಂದ ಅನ್ನುವುದನ್ನು ಅಲ್ಲೇ ಬರೆದಿಡಬೇಕು. ಸಾಧ್ಯವಾದರೆ ವಿಡಿಯೋ ಮಾಡಬೇಕು. ನಾರ್ತ್ ಕ್ಯಾರೊಲಿನಾ 2007ರಲ್ಲಿ ಕಾನೂನೇ ಮಾಡಿತು: ಆರೋಪಿ ಯಾರು ಅಂತ ಗೊತ್ತಿಲ್ಲದವರೇ ಪರೇಡ್ ನಡೆಸಬೇಕು, ಸಾಕ್ಷಿ ಎಷ್ಟು ಖಚಿತ ಅನ್ನುವುದನ್ನು ಅವರ ಮಾತಿನಲ್ಲೇ ದಾಖಲಿಸಬೇಕು.

ಇಲ್ಲಿ ವಕೀಲರಾಗುವವರು ಇದ್ದೀರಿ. ಪಾಟೀ ಸವಾಲಿನಲ್ಲಿ ಶರ್ಟಿನ ಬಣ್ಣ ತಪ್ಪಿದ್ದಕ್ಕೆ ಸಾಕ್ಷಿಯನ್ನು ಸುಳ್ಳ ಅನ್ನಬೇಡಿ. 1983ರಲ್ಲೇ ಸುಪ್ರೀಂ ಕೋರ್ಟ್ ಗುಜರಾತಿನ ಒಂದು ಕೇಸಿನಲ್ಲಿ ಹೇಳಿದೆ, ನೆನಪು ಅಂದರೆ ಮನಸ್ಸಿನ ಪರದೆಯ ಮೇಲೆ ವಿಡಿಯೋ ಟೇಪ್ ಓಡಿದ ಹಾಗಲ್ಲ ಅಂತ. ಮೊದಲ ಸಲ ಏನಂದಿರಿ, ಅದಕ್ಕೂ ಮೊದಲು ಫೋಟೋ ನೋಡಿದ್ದಿರಾ, ಟಿವಿ ನೋಡಿದ್ದಿರಾ, ಯಾರ ಜೊತೆ ಮಾತಾಡಿದಿರಿ, ಇದನ್ನು ಕೇಳಿ. ಉಳಿದವರೂ ಅಷ್ಟೇ, ಏನಾದರೂ ಕಂಡರೆ ಪಕ್ಕದವರ ಜೊತೆ ಮಾತಿಗೆ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಇಲ್ಲ ಫೋನಿಗೆ ಹೇಳಿ ರೆಕಾರ್ಡ್ ಮಾಡಿ. ಕಾಣದಿದ್ದದ್ದನ್ನು ಕಾಣಲಿಲ್ಲ ಅಂತಲೇ ಬರೆಯಿರಿ.

ಕಾಟನ್ ಆಕೆಯನ್ನು ಕ್ಷಮಿಸಿದ. ಇಬ್ಬರೂ ಸ್ನೇಹಿತರಾಗಿ, ಜೊತೆಯಾಗಿ ಊರೂರಿಗೆ ಹೋಗಿ ಮಾತಾಡಿದರು. ಡಿಎನ್ಎ ಫಲಿತಾಂಶ ಬಂದು, ತಪ್ಪು ತಿಳಿದಮೇಲೂ, ಆ ರಾತ್ರಿ ನೆನಪಾದಾಗಲೆಲ್ಲ ತನಗೆ ಕಾಣುತ್ತಿದ್ದದ್ದು ಕಾಟನ್‌ನ ಮುಖವೇ ಅಂತ ಆಕೆ ಹೇಳಿದ್ದಾರೆ.